ಎರವಲು ತಂದ ಎರಡು ಮೆಷಿನ್

ಬ್ಯಾಂಕಿನ ಅಧಿಕಾರಿ ಅಂಗಡಿ ನೋಡಲು ಬರುವ ಹೊತ್ತಿಗೆ ಸರಿಯಾಗಿ, ದರ್ಜಿಯಮ್ಮನ ಮೈದುನ ತಳ್ಳುಗಾಡಿಯಿಂದ ಎರಡು ಹೊಲಿಗೆ ಮೆಷಿನ್ ಇಳಿಸಿದ.

"ಕತ್ತರಿಯಮ್ಮನ ಹತ್ರ ಇಸ್ಕೊಂಡೆ ಅತ್ತಿಗೆ. ಅಂಗಡಿ ತುಂಬಿದ್ರೆ ಬ್ಯಾಂಕಿನೋರ ಕಣ್ಣೂ ತುಂಬುತ್ತೆ. ನೀವು ಬಾಯಿಗೆ ಬೀಗ ಹಾಕ್ಕೊಂಡಿದ್ರೆ ಸಾಕು."

ಕತ್ತರಿಯಮ್ಮ ಹಿಂದಿನ ಬೀದಿಯ ದರ್ಜಿ. ಆ ಹೆಸರು ಬಂದದ್ದು ಕೈಯ ಕತ್ತರಿಯಿಂದಲ್ಲ, ಬಾಯಿಯಿಂದ.

"ಮೊದ್ಲು ವಾಪಸ್ ಕೊಟ್ಟು ಬಾ" ಎಂದು ದರ್ಜಿಯಮ್ಮ ಹೇಳುವಷ್ಟರಲ್ಲಿ ಅಧಿಕಾರಿ ಹೊಸ್ತಿಲು ದಾಟಿದ್ದರು. ದರ್ಜಿಯಮ್ಮನಿಗೆ ಶಾಲೆಯೊಂದರ ಸಮವಸ್ತ್ರದ ಕೆಲಸ ಸಿಕ್ಕಿತ್ತು. ಅಂಚು ಹೊಲಿಯುವ ಓವರ್‌ಲಾಕ್ ಮೆಷಿನ್ ಇಲ್ಲದಿದ್ದರೆ ಕೆಲಸ ಕೈತಪ್ಪುತ್ತದೆ. ಸಾಲ ಸಿಗದಿದ್ದರೆ ಓವರ್‌ಲಾಕ್ ಕನಸೇ ಸರಿ.

"ಮೂರು ಮೆಷಿನ್! ಪರವಾಗಿಲ್ವೇ" ಎಂದು ಅಧಿಕಾರಿ ಪೆನ್ನು ತೆಗೆದರು.

"ಒಂದು ಅಂತ ಬರ್ಕೊಳ್ಳಿ ಸಾರ್. ಇನ್ನೆರಡು ಎರವಲು."

ಮೈದುನನಿಗೆ ಕೆಮ್ಮು ಹತ್ತಿತು.

"ಹೇಳದೇ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರಲಿಲ್ಲ" ಎಂದರು ಅಧಿಕಾರಿ.

"ಸಂಜೆಗೆ ಮೆಷಿನ್ ವಾಪಸ್ ಹೋಗುತ್ತೆ ಸಾರ್, ಕಂತು ಹೋಗಲ್ಲ. ಒಂದು ಮೆಷಿನ್ ತುಳಿದು ನಾನೆಷ್ಟು ಕಟ್ಟಬಲ್ಲೆ, ಅಷ್ಟೇ ಲೆಕ್ಕ ಹಾಕಿ."

"ಹಾಗಾದ್ರೆ ಸಾಲ ಕಮ್ಮಿಯಾಗುತ್ತೆ. ಓವರ್‌ಲಾಕ್ ಬರಲ್ಲ. ಯಾರಾದ್ರೂ ಜಾಮೀನು ನಿಂತ್ರೆ ಬೇರೆ ಮಾತು."

"ನಾನಿಲ್ವಾ!" ಎಂದ ಮೈದುನ. ಅಧಿಕಾರಿ ಅತ್ತ ತಿರುಗಲೂ ಇಲ್ಲ. "ಈ ಎರಡು ಮೆಷಿನ್ ಯಾರದ್ದು?"

"ಬನ್ನಿ, ಅವರನ್ನೇ ಕೇಳಿ." ಆ ಬಾಯಿಯ ರುಚಿ ಗೊತ್ತಿದ್ದೂ ದರ್ಜಿಯಮ್ಮ ಮುಂದೆ ನಡೆದಳು.

ಕತ್ತರಿಯಮ್ಮ ಕೈಯಲ್ಲೇ ಗುಂಡಿ ಹೊಲಿಯುತ್ತ ಕೂತಿದ್ದಳು.

"ಹೊಟ್ಟೆಪಾಡಿನ ಮೆಷಿನ್‌ನ ಹಾಗೇ ಕೊಟ್ಟುಬಿಟ್ರಾ?" ಎಂದು ಅಧಿಕಾರಿ ಕೇಳಿದರು.

"ಆ ತರಲೆಯ ಮುಖ ನೋಡಿದ್ರೆ ತುಕ್ಕು ಹಿಡಿದ ಸೂಜೀನೂ ಕೊಡಲ್ಲ. ಅತ್ತಿಗೆಗೆ ಅಂದ, ಕೊಟ್ಟೆ. ಗಿರಾಕಿ ಕಿತ್ಕೊಳ್ಳೋದ್ರಲ್ಲಿ ಇವಳು ರಾಕ್ಷಸಿ. ಇಸ್ಕೊಂಡಿದ್ದು ವಾಪಸ್ ಕೊಡೋದ್ರಲ್ಲಿ ಮಾತ್ರ ಒಂದು ಗುಂಡಿ ಹೆಚ್ಚುಕಮ್ಮಿ ಮಾಡಿದವಳಲ್ಲ."

"ಜಾಮೀನಿಗೆ ಸಹಿ ಹಾಕ್ತೀರಾ?"

ಕತ್ತರಿಯಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ದರ್ಜಿಯಮ್ಮನತ್ತ ತಿರುಗಿದಳು. ಅಂಗಲಾಚಿದರೆ ಅವಳು ಒಪ್ಪಿಯಾಳು, ಆದರೆ ಹಾಗೆ ಸಿಕ್ಕ ಸಹಿ ದರ್ಜಿಯಮ್ಮನಿಗೆ ಬೇಕಿರಲಿಲ್ಲ.

"ಬಿಡಿಸಿ ಹೇಳ್ತೀನಿ ಅಕ್ಕ. ನಾನು ಕಟ್ಟದೇ ಇದ್ರೆ ಸಾಲ ನಿನ್ನ ತಲೆಗೇ ಬರುತ್ತೆ. ಅದಕ್ಕೇ ಶಾಲೆ ಕೆಲಸದಲ್ಲಿ ಅರ್ಧ ನೀನು ಹೊಲಿ. ಬರೋ ದುಡ್ಡು, ಕಟ್ಟೋ ಕಂತು, ಎರಡೂ ನಿನ್ನ ಕಣ್ಣೆದುರೇ ಇರುತ್ತೆ."

ಕತ್ತರಿಯಮ್ಮ ಹಲ್ಲಿನಿಂದ ದಾರ ಕಡಿದು, ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಪೆನ್ನು ಕೊಡಿ ಸಾರ್. ಆದ್ರೆ ಮಕ್ಕಳ ಅಳತೆ ನಾನೇ ತಗೊಳ್ಳೋದು. ಇವಳ ಟೇಪನ್ನ ಮಾತ್ರ ನಂಬೋಕಾಗಲ್ಲ."