ಆರು ಕೌದಿಯ ಗೂಡು

ಬಿಬವೇವಾಡಿಯ ಒಂದೇ ಕೋಣೆಯ ಮನೆಯಿಂದ ಹೊರಡುತ್ತಿದ್ದ ದತ್ತುವಿನ ಪಾಡ್‌ಕಾಸ್ಟಿಗೆ ಮೂವತ್ತೊಂದು ಮಂದಿ ಕೇಳುಗರಿದ್ದರು. ಮೊಬೈಲಿನಲ್ಲಿ ಗುಂಡು ಹಾರಿಸುವ ಆಟಗಳ ಬಗ್ಗೆ ಅವನು ಏನು ಹೇಳುತ್ತಾನೆಂಬುದು ಅವರಲ್ಲಿ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ; ಹಳೆಯ ಮೈಕಿನಲ್ಲಿ ಅವನ ದನಿ ಬಾವಿಗೆ ಬಿದ್ದವನ ಮೊರೆಯಂತಿತ್ತು. ಈ ಬೇಸಿಗೆಯಲ್ಲಿ ಅವನು ಹೊಸ ಮೈಕು ತಂದ. ಮೂಲೆಗೆ ಹಗ್ಗ ಕಟ್ಟಿ, ಅವ್ವ ಚಂದಮ್ಮ ಹಳೆ ಸೀರೆಗಳಿಂದ ಹೊಲಿದ ಆರು ಕೌದಿಗಳನ್ನು ಇಳಿಬಿಟ್ಟು ದನಿ ಮಾರ್ದನಿಸದಂತೆ ಗೂಡು ಮಾಡಿದ. ಹಳೆಯ ಹನ್ನೊಂದು ಕಂತುಗಳನ್ನೂ ಕಂಪ್ಯೂಟರಿನಲ್ಲಿ ತೊಳೆದು, ಅಕ್ಷರ ಅಕ್ಷರವೂ ಕೇಳುವಂತೆ ಮಾಡಿ ಮತ್ತೆ ಏರಿಸಿದ. ಅತಿಥಿಯಿಲ್ಲದೆ ಕಳೆ ಬಾರದೆಂದು ಅದೇ ಆಟಗಳ ಚಾಂಪಿಯನ್, ಕುರಕುಂಭದ ದೇವಾನಂದನನ್ನು ಕರೆದ.

ಭಾನುವಾರ ಮಧ್ಯಾಹ್ನ ದೇವಾನಂದ ಬಂದ. ಫ್ಯಾಕ್ಟರಿಯಲ್ಲಿ ಡ್ರಮ್ಮು ಉರುಳಿಸುವ ಆಳು. ಗೂಡಿನೊಳಗೆ ಬಗ್ಗಿ ನುಸುಳಬೇಕಾಯಿತು. ಚಂದಮ್ಮ ಗೂಡಿನ ಹೊರಗೆ ಹೆಡ್‌ಫೋನು ಹಾಕಿಕೊಂಡು ಒಲೆಯ ಮುಂದೆ ಕೂತಳು. ದನಿ ಸರಿಯಿದ್ದರೆ ಕೈಯೆತ್ತುವುದು ಅವಳ ಕೆಲಸ.

"ನಮಸ್ಕಾರ್ರೀ ದೇವಾನಂದಣ್ಣ. ಹೆಂಗನಸ್ತದರೀ ನಮ್ಮ ಶೋ?"

"ಬರೂಮುಂದ ಬಸ್ಸಿನ್ಯಾಗ ಎಲ್ಲಾ ಕೇಳೀನಿ. ಆವಾಜ್ ಭಾಳ ಸಾಫ್ ಅದ." ದೇವಾನಂದ ಮೈಕನ್ನು ಪಕ್ಕಕ್ಕೆ ಸರಿಸಿದ. "ನಾಕನೇ ಕಂತಿನ್ಯಾಗ ನನಗ ಏನಂದಿ?"

ದತ್ತುವಿಗೆ ನೆನಪಾಯಿತು. 'ಹ್ಯಾಕ್ ಹಾಕಿ ಗೆದ್ದ ಕಳ್ಳ' ಎಂದಿದ್ದ. ಆ ಮಾತು ಹೊರಗೆ ಬಾರದಂತೆ ವರ್ಷವಿಡೀ ಹಳೆ ಮೈಕು ಅವನನ್ನು ಕಾಪಾಡಿತ್ತು.

"ಅಣ್ಣಾ, ಅದು ಚ್ಯಾಷ್ಟಿಗೆ..."

ಮೊದಲ ಗುದ್ದಿಗೆ ಮೂಗು ಒಡೆಯಿತು. ಎರಡನೆಯದಕ್ಕೆ ಹಲ್ಲೊಂದು ಕಿತ್ತು ನಾಲಿಗೆಯ ಮೇಲೆ ಬಂದು ಕೂತಿತು.

"ಅವ್ವಾ! ಕೊಲ್ಲಾಕತ್ತಾನ!"

ಕೌದಿಗಳ ಸಂದಿನಿಂದ ಅವ್ವ ಕಂಡಳು. ಆ ಮೂಲೆಯಲ್ಲಿ ದಿನಾ ಆಟದೊಳಗೆ ಯಾರೋ ಒಬ್ಬರು ಸಾಯುವುದನ್ನು ಕೇಳಿ ಪಳಗಿದವಳು. ರೊಟ್ಟಿ ತಟ್ಟುತ್ತಲೇ ತಲೆದೂಗಿ, ಹಿಟ್ಟಿನ ಕೈಯೆತ್ತಿದಳು: ದನಿ ಛಲೋ ಅದ.

ದೇವಾನಂದ ಮೈಕಿನ ವೈರನ್ನು ದತ್ತುವಿನ ಕುತ್ತಿಗೆಗೆ ಸುತ್ತಿ ಬಿಗಿದ. "ಈಗ ಹೇಳಲೇ, ಯಾರು ಕಳ್ಳ?"

ಹೇಳಲು ಉಸಿರಿರಲಿಲ್ಲ. ಕಣ್ಣು ಕತ್ತಲಿಟ್ಟಿತು. ಕೈಗೆ ಸಿಕ್ಕ ಕೌದಿಗೆ ದತ್ತು ಜೋತುಬಿದ್ದ. ಅದು ಮೇಲಿನಿಂದ ಕೆಳಗಿನವರೆಗೆ ಪರ್ರನೆ ಹರಿಯಿತು.

ಆ ಸದ್ದು ಯಾವ ಆಟದಲ್ಲೂ ಇರಲಿಲ್ಲ. ಚಂದಮ್ಮ ಹೆಡ್‌ಫೋನು ಕಿತ್ತೊಗೆದಳು.

"ನಮ್ಮವ್ವನ ಸೀರೀದು ಅದು! ಯಾವನಲೇ ಹರದಾಂವ?"

ಒಲೆಯ ಮೇಲಿದ್ದ ಹಂಚು ದೇವಾನಂದನ ಕಿವಿಯ ಮೇಲೆ ಚುರ್ರೆಂದಿತು. ಎರಡನೇ ಏಟಿಗೆ ಅವನು ಮೊಣಕಾಲೂರಿದ. ಮೂರನೆಯದಕ್ಕೆ ತಾನು ಉರುಳಿಸುವ ಡ್ರಮ್ಮಿನಂತೆಯೇ ಬಾಗಿಲಾಚೆ ಉರುಳಿ, ಎದ್ದು ಓಡಿದ.

ಹಂಚು ಹಿಡಿದೇ ಅವ್ವ ತಿರುಗಿದಳು. "ಹೇಳು. ಯಾರು ಹರದಾರ?"

ದತ್ತುವಿನ ಮುಷ್ಟಿಯಲ್ಲಿ ಕೌದಿಯ ತುಂಡಿತ್ತು. ಅದನ್ನು ಬೆನ್ನ ಹಿಂದೆ ಸರಿಸಿ, ಬಾಗಿಲಿನತ್ತ ಬೆರಳು ತೋರಿಸಿದ. ಬಾಯಿ ಮಾತ್ರ ಬಿಡಲಿಲ್ಲ. ಮೈಕಿನ ರೆಕಾರ್ಡಿಂಗ್ ದೀಪ ಇನ್ನೂ ಕೆಂಪಗೆ ಉರಿಯುತ್ತಿತ್ತು.