ತೂತು ಬಿದ್ದ ದಳ

ಗಂಗಾಂಬಿಕೆ ಬಿಲ್ವದ ಕೊಂಬೆ ಬಗ್ಗಿಸಿ ಹಿಡಿದಳು. ಒಂದು ದಳವೂ ನೆಟ್ಟಗಿರಲಿಲ್ಲ. ಎಲ್ಲದರಲ್ಲೂ ಮೆಣಸಿನಕಾಳು ಗಾತ್ರದ ತೂತು.

“ತೂತಿನ ಪತ್ರೆ ಲಿಂಗಕ್ಕೆ ಏರ್ಸೋ ಹಾಗಿಲ್ಲ ಕಣೆ,” ಎಂದ ಸೋದರಮಾವ ರೇಣುಕಪ್ಪ. “ಹುಳದ ಎಂಜಲು ಅದು. ಮಠದ ಹತ್ರ ಹೇಳಿ ಕಳ್ಸಿದೀನಿ, ಒಳ್ಳೇದು ಬತ್ತದೆ.”

ಜಗುಲಿಯಲ್ಲಿ, ರಾತ್ರಿ ತೀರಿಕೊಂಡ ಅವ್ವ ವೀರಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಬಾಳೆಹೊನ್ನೂರಿನ ಗೋದಾಮಿನಲ್ಲಿ ಜೀವಮಾನವೆಲ್ಲ ಕಾಫಿಬೀಜ ಆರಿಸಿದವಳು. ಈಗಲೂ ಏನನ್ನೋ ಆರಿಸುತ್ತಿರುವಂತೆ ತಲೆ ಬಾಗಿತ್ತು.

“ಮಾವ, ಈಗ್ಲಾದ್ರೂ ಹೇಳು. ಚಿಕ್ಕೋಳಿದ್ದಾಗ ಅವ್ವ ನನ್ನ ಯಾಕೆ ಚಿಕ್ಕಮ್ಮನ ಮನೆಗೆ ಅಟ್ಟಿದ್ಲು?”

“ಅವಳಿಗೆ ಕ್ಷಯ ಇತ್ತು. ನಿಂಗೆ ತಗುಲೀತು ಅಂತ. ಹೇಳ್ಬೇಡ ಅಂತ ಆಣೆ ಹಾಕಿಸ್ಕಂಡಿದ್ಲು.”

“ಆಮೇಲೆ ವಾಸಿ ಆಯ್ತಲ್ಲ?”

“ಆಯ್ತು.”

“ಮತ್ತೆ ಯಾಕೆ ಕರೀಲಿಲ್ಲ?”

ರೇಣುಕಪ್ಪ ಟವೆಲಿನಿಂದ ಕತ್ತು ಒರೆಸಿಕೊಂಡ. “ಅದೇ ನಂಗೂ ತಿಳೀಲಿಲ್ಲ ಮಾರಾಯ್ತಿ. ಒಂದ್ಸಲ ಕೇಳಿದ್ದಕ್ಕೆ ‘ಕೂಸು ಅಲ್ಲೇ ಬೇರು ಬಿಟ್ಟಿದೆ’ ಅಂದ್ಲು. ಇನ್ನೊಂದ್ಸಲ ಕೇಳಿದ್ದಕ್ಕೆ ಊಟಾನೇ ಹಾಕ್ಲಿಲ್ಲ.”

*

ಚಿಕ್ಕಂದಿನಲ್ಲಿ ಒಮ್ಮೆ ರಜೆಗೆ ನರಸಿಂಹರಾಜಪುರದ ಚಿಕ್ಕಮ್ಮನ ಮನೆಯಿಂದ ಬಂದಿದ್ದಾಗಲೂ ಇದೇ ಮರ. ಅವ್ವ ಆಚೆ ನಿಂತಿದ್ದಳು, ಸೆರಗು ಬಾಯಿಗೆ ಒತ್ತಿಕೊಂಡು. ಹತ್ತಿರ ಹೋದರೆ ಕಾಂಡದ ಸುತ್ತ ಸರಿಯುತ್ತಿದ್ದಳು.

“ಅವ್ವಾ, ಎಲೆಗೆ ಹುಳ ಬಿದ್ದಿದೆ.”

“ಹುಳ ಅಲ್ವೇ. ರೋಗ ತಗುಲಿದ್ರೆ ಎಲೆನೇ ಸುತ್ತ ಗೆರೆ ಎಳ್ಕಳತ್ತೆ. ಒಳಗಿನ ಚೂರು ಒಣಗಿಸಿ ಉದುರಿಸತ್ತೆ. ಮಿಕ್ಕಿದ್ದು ಬದುಕ್ಕಳತ್ತೆ.”

“ಉದುರಿದ ಚೂರಿಗೆ ನೋವಾಗಲ್ವ?”

“ಒಣಗಿದ್ದಕ್ಕೆ ಎಂತ ನೋವು,” ಎಂದು ಅವ್ವ ಆ ಕಡೆ ತಿರುಗಿ ಕೆಮ್ಮಿದಳು.

*

ಗುಂಡಿಯಲ್ಲಿ ಅವ್ವನನ್ನು ಕೂರಿಸಿ, ಎಡ ಅಂಗೈ ಮೇಲೆ ಅವಳ ಇಷ್ಟಲಿಂಗವಿಟ್ಟು, ಅಯ್ನೋರು ಪತ್ರೆಗೆ ಕೈ ಚಾಚಿದರು. ಮಠದ ಕಡೆಯಿಂದ ಬಂದ ದಳಗಳು ಬುಟ್ಟಿ ತುಂಬ ಹಸಿರಾಗಿದ್ದವು.

ಉದುರಿದ್ದು ತಾನೋ, ಅವ್ವನೋ? ಗಂಗಾಂಬಿಕೆಗೆ ಬಗೆಹರಿಯಲಿಲ್ಲ. ಮುಷ್ಟಿ ಬಿಚ್ಚಿ ಬೆವೆತ ಒಂದು ದಳ ಕೊಟ್ಟಳು.

“ಇದು ತೂತು, ತಾಯಿ.”

“ಹುಳ ತಿಂದಿದ್ದಲ್ಲ ಅಯ್ನೋರೆ. ಅವ್ವನ ಮರದ್ದು.”

ಅವರು ರೇಣುಕಪ್ಪನ ಕಡೆ ನೋಡಿದರು. ಅವನು ನೆಲ ನೋಡುತ್ತಿದ್ದ. ಶಿವಶಿವಾ ಎಂದು ಅಯ್ನೋರು ದಳವನ್ನು ಲಿಂಗದ ಮೇಲೆ ಇಳಿಸಿದರು.

ಮೊದಲ ಹಿಡಿ ಮಣ್ಣು ಹಾಕಲು ಅವಳು ಬಗ್ಗಿದಾಗ, ಎಲೆಯ ತೂತಿನೊಳಗಿಂದ ಲಿಂಗದ ಕಪ್ಪು ಒಂದು ಕಣ್ಣಿನಂತೆ ಕಾಣುತ್ತಿತ್ತು.