ಮಠದ ಹೊಲದ ಚುಕ್ಕೆ ಅಲಸಂದೆ

ನಾನು ಮೇವಿನ ಅಲಸಂದೆಯ ಒಂದು ಕಾಳು. ಮೈತುಂಬ ಕಂದು ಚುಕ್ಕೆ. ಹುಟ್ಟಿದ್ದು ಮಠದ ಗೋಶಾಲೆಯ ಹಿಂದಿನ ಎರೆ ಮಣ್ಣಿನ ಹೊಲದಲ್ಲಿ. ಅಲ್ಲಿ ಬಿಳಿಯರಿದ್ದರು, ಕೆಂಪಿನವರಿದ್ದರು, ಕಪ್ಪಿನವರಿದ್ದರು. ಒಬ್ಬರು ಮೊದಲ ಮಳೆಗೇ ಚಿಗುರಿದರೆ ಇನ್ನೊಬ್ಬರು ಬಿಸಿಲಿಗೆ ಬಾಡುತ್ತಿರಲಿಲ್ಲ. ಶಿವ ನಮ್ಮನ್ನು ಹಾಗೆ ಬೆರೆಸಿಟ್ಟಿದ್ದ.

ಆ ವರ್ಷ ಗೋಶಾಲೆಯ ಉಸ್ತುವಾರಿ ಈರಯ್ಯನವರಿಗೆ ಬಂತು. ದೊಡ್ಡ ಭಕ್ತರು. ಬಿತ್ತುವ ಮುನ್ನ ನಮ್ಮನ್ನು ಮೊರಕ್ಕೆ ಸುರಿದು, ಸಗಣಿ ತೆಗೆಯುವ ಕಾಳವ್ವನನ್ನು ಕರೆದರು.

"ದೇವರ ಹೊಲ ಇದು. ಶಿವಗ ಬಿಳೇದು ಸೇರ್ತೈತಿ. ಬಿಳಿ ಕಾಳಷ್ಟ ಆರಿಸು."

"ಆಕಳ ಹೊಟ್ಟ್ಯಾಗ ಹೋದಮ್ಯಾಲೆ ಎಲ್ಲಾ ಸಗಣಿನ ಅಲ್ಲೇನ್ರಿ ಅಯ್ಯಾರ?"

"ನಿನ್ನ ನಾಲಿಗಿಗೊಂದು ದಾವಣಿ ಹಗ್ಗ ಹಾಕಬೇಕು ನೋಡು."

ಕಾಳವ್ವ ನಗುತ್ತಲೇ ಆರಿಸಿದಳು. ಉಳಿದ ನಮ್ಮನ್ನು ಗುಗ್ಗರಿಗೆಂದು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ನನ್ನವರು ಒಲೆಯ ಮೇಲೆ ಕುದಿಯುವ ಸದ್ದು ಕೇಳಿದೆ. ನಾನಿದ್ದ ಮಿಕ್ಕ ಒಂದು ಹಿಡಿಯನ್ನು ಆಕೆ ತನ್ನ ಮನೆಯ ಬೇಲಿಗುಂಟ ಊರಿದಳು.

ನಾನು ಬಳ್ಳಿಯಾಗಿ ಬೇಲಿ ಹತ್ತಿದೆ. ಅಲ್ಲಿಂದ ಮಠದ ಹೊಲ ಕಾಣುತ್ತಿತ್ತು. ಒಂದೇ ಎತ್ತರ, ಒಂದೇ ಹಸಿರು. ನೋಡಿದವರೆಲ್ಲ ಕೈ ಮುಗಿಯುತ್ತಿದ್ದರು. ನನಗೆ ಮಾತ್ರ ಏನೋ ಭಯ. ಬಾವಿಯ ಮಗ್ಗುಲಲ್ಲಿ ಒಂದು ಎಲೆ ಹಳದಿಯಾಯಿತು. ಮರುದಿನ ಪಕ್ಕದ ಬಳ್ಳಿ. ಎಲ್ಲರ ಬಾಗಿಲಿಗೂ ಒಂದೇ ಕೀಲಿ. ರೋಗಕ್ಕೆ ಎಲ್ಲಿಯೂ ತಡೆಯಿರಲಿಲ್ಲ. ಹುಣ್ಣಿಮೆಯೊಳಗೆ ಹೊಲ ಕೊಳೆತು ನಾರಿತು.

ಬೇಲಿಗೂ ಬಂತು ರೋಗ. ಕೆಂಪು, ಕಪ್ಪು ಬಳ್ಳಿಗಳು ಅಲ್ಲಲ್ಲಿ ಹಳದಿಯಾದರೂ ತಾಳಿಕೊಂಡವು. ಚುಕ್ಕೆಯ ನಮ್ಮನ್ನು ಮುಟ್ಟಲೇ ಇಲ್ಲ.

ಗೋಶಾಲೆಯಲ್ಲಿ ಆಕಳುಗಳ ಎಲುಬು ಕಾಣತೊಡಗಿದವು. ಈರಯ್ಯನವರು ಬೇಲಿಯ ಹತ್ತಿರ ಬಂದು ನಿಂತರು.

"ಬಿಳೇದು ಆರಿಸು ಅಂದ ಬಾಯಿ ನಂದವ್ವಾ. ಈಗ ಬೀಜ ಬೇಕು."

"ಚುಕ್ಕಿ ಗಟ್ಟಿ ಐತ್ರಿ ಅಯ್ಯಾರ, ಅದನ್ನ ಬೀಜಕ್ಕ ಬಿಡೂಣು. ಉಳಿದದ್ದು ಕಿತ್ತು ಗೋಶಾಲಿ ಕರಕ್ಕ ಹಾಕ್ತೀನಿ. ಅದು ಹಸದು ಒದರೂದು ಕೇಳಾಕ ಆಗವಲ್ದು."

"ಹಾಕವ್ವಾ. ಪುಣ್ಯ ಬರ್ತೈತಿ."

ಕೆಂಪು, ಕಪ್ಪು ಬಳ್ಳಿಗಳು ಕಾಯಿ ಬಲಿಯುವ ಮೊದಲೇ ಬೇರುಸಹಿತ ಹೋದವು. ಕರು ತಿಂದಿತು. ಕರುಣೆಯ ಕೈಗಳವು, ನಾನು ಯಾರನ್ನು ದೂರಲಿ?

ಈಗ ನಾನು ಒಣಗಿದ ಬಳ್ಳಿ, ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿದ್ದೇನೆ. ನಮ್ಮ ಕಾಯಿ ಬಡಿದು ಗಡಿಗೆ ತುಂಬಿದ್ದಾರೆ. ಈರಯ್ಯನವರು ಅದರೊಳಗೆ ಕೈಯಾಡಿಸಿ, "ಒಂದರಂಗ ಒಂದು" ಎಂದು ಹಿಗ್ಗುತ್ತಾರೆ. ಮುಂಗಾರಿಗೆ ಇಡೀ ಹೊಲ ನನ್ನ ಮಕ್ಕಳದು. ಹೋದ ರೋಗ ಬಿಳಿಯರ ಗುರುತು ಹಿಡಿದಿತ್ತು. ಬರುವುದು ನಮ್ಮ ಗುರುತು ಹಿಡಿಯಲು ಎಷ್ಟು ಹೊತ್ತು?

ಶಿವನೇ, ಆ ಗಡಿಗೆಯಲ್ಲಿ ಒಂದಾದರೂ ಕಾಳು ನನ್ನಂತೆ ಇಲ್ಲದಿರಲಿ.